ಇಬ್ಭಾಗವಾಗುವ ಮುನ್ನ

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಒಂದೇ ಕೋಶದ ಜೀವಿ. ಅದಕ್ಕೆ ಎಕ್ಸ್‌ರೇ ತಾಗಿಸಿದರೆ ಒಳಗಿನ ಡಿಎನ್‌ಎ ಅಲ್ಲಲ್ಲಿ ತುಂಡಾಗುತ್ತದೆ. ಆಗ ಆರೋಗ್ಯವಾಗಿರುವ ಯೀಸ್ಟ್ ಎರಡಾಗುವ ಕೆಲಸವನ್ನು ನಡುವೆಯೇ ನಿಲ್ಲಿಸುತ್ತದೆ. ತಾಯಿಕೋಶವೂ ಅದರ ಮೈಯಿಂದ ಮೊಳೆತ ಮರಿಕೋಶವೂ ಒಂದಕ್ಕೊಂದು ಅಂಟಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಡಂಬೆಲ್‌ನಂತೆ ಕಾಣುತ್ತ, ಗಂಟೆಗಟ್ಟಲೆ ಹಾಗೆಯೇ ಇರುತ್ತವೆ. ಪೆಟ್ಟು ಹೆಚ್ಚಾದಷ್ಟೂ ನಿಲುಗಡೆ ಉದ್ದವಾಗುತ್ತದೆ. ರಿಪೇರಿ ಮುಗಿದ ಮೇಲೆ ಕೆಲಸ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಅಭ್ಯಾಸ ಮಾಡುತ್ತಿದ್ದುದು ಹೀಗೆ ನಿಲ್ಲಲಾರದ ಒಂದು ಯೀಸ್ಟ್ ತಳಿಯನ್ನು. ರ್‍ಯಾಡ್9 ಎಂಬ ಒಂದೇ ಒಂದು ಜೀನ್ ಅದರಲ್ಲಿ ಕೆಟ್ಟಿತ್ತು. ಎಕ್ಸ್‌ರೇ ಬಿದ್ದರೂ ಅದು ಏನೂ ಆಗಿಲ್ಲವೆಂಬಂತೆ ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು, ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಸಾಯುತ್ತಿತ್ತು. ವಿಕಿರಣಕ್ಕೆ ಬೇಗ ಸಾಯುವ ಇಂಥ ತಳಿಯನ್ನು ಕಂಡರೆ ಯಾರಿಗಾದರೂ ಮೊದಲು ಹೊಳೆಯುವ ಕಾರಣ, ಇದಕ್ಕೆ ಮುರಿದ ಡಿಎನ್‌ಎ ಕೂಡಿಸಲು ಬರುವುದಿಲ್ಲ ಎಂಬುದು. ಅವರಿಬ್ಬರು ಅದನ್ನು ಪರೀಕ್ಷಿಸಿ ನೋಡಿದರು. ಎಕ್ಸ್‌ರೇ ಕೊಟ್ಟ ಕೋಶಗಳನ್ನು ಒಂದು ವಿಷದಲ್ಲಿ ಇಟ್ಟರು. ವರ್ಣತಂತುಗಳನ್ನು ಎರಡು ಕಡೆಗೆ ಎಳೆದೊಯ್ಯುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಈ ವಿಷ ತಡೆಯುತ್ತದೆ. ಹಾಗಾಗಿ ತಾನಾಗಿ ನಿಲ್ಲಲು ಬಾರದ ಕೋಶವೂ ನಿಲ್ಲಲೇಬೇಕು. ಕೆಲವು ಗಂಟೆ ಕಳೆದ ಮೇಲೆ ವಿಷವನ್ನು ತೊಳೆದು ತೆಗೆದರು. ಸಾಯಬೇಕಿದ್ದ ಕೋಶಗಳಲ್ಲಿ ಬಹಳಷ್ಟು ಬದುಕಿಕೊಂಡವು. ರಿಪೇರಿಯ ಸಲಕರಣೆಯೆಲ್ಲ ಆ ತಳಿಯ ಬಳಿ ಮೊದಲಿನಿಂದಲೂ ಇತ್ತು. ಇಲ್ಲದಿದ್ದದ್ದು ಪುರುಸೊತ್ತು.

ಆ ವಿಷದ ರಾಸಾಯನಿಕ ಹೆಸರಿನ ಸಂಕ್ಷಿಪ್ತ ರೂಪ ಎಂಬಿಸಿ. ನಮ್ಮ ರೈತರು ಅದನ್ನು ಕಾರ್ಬೆಂಡಾಜಿಮ್ ಎಂದು, ಅದಕ್ಕಿಂತ ಹೆಚ್ಚಾಗಿ ಬಾವಿಸ್ಟಿನ್ ಎಂದು ಬಲ್ಲರು. ಮೊಳಕಾಲ್ಮೂರು ಸೀಮೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ದೊಡ್ಡಪ್ಪ ರೇಷ್ಮೆ ಸೀರೆಯ ಮಗ್ಗದಲ್ಲಿ ಕೂತರೆ ಹೊಲದ ಜವಾಬ್ದಾರಿಯೆಲ್ಲ ದೊಡ್ಡಮ್ಮನದು. ಬಿತ್ತನೆಯ ಶೇಂಗಾ ಬೀಜವನ್ನು ಗೋಣಿತಾಟಿನ ಮೇಲೆ ಹರವಿ ಆಕೆ ಈ ಪುಡಿ ಹಚ್ಚುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಶಿಲೀಂಧ್ರವನ್ನು ಕೊಲ್ಲಲೆಂದೇ ಮಾಡಿದ ಪುಡಿ ಅದು. ಯೀಸ್ಟ್ ಕೂಡ ಶಿಲೀಂಧ್ರವೇ. ಕೊಲ್ಲಬೇಕಾದ ಪುಡಿ ಪ್ರಯೋಗಾಲಯದಲ್ಲಿ ಒಂದು ಶಿಲೀಂಧ್ರವನ್ನು ಉಳಿಸಿತು, ಅದೂ ಸುಮ್ಮನೆ ಕೆಲವು ಗಂಟೆ ತಡೆದು ನಿಲ್ಲಿಸಿದ್ದರಿಂದಲೇ ಉಳಿಸಿತು ಎಂದು ಓದಿದ ದಿನ ನನಗಾದ ಬೆರಗು ಇನ್ನೂ ಆರಿಲ್ಲ.

ಈ ಪ್ರಯೋಗ ಪ್ರಕಟವಾದದ್ದು 1988ರಲ್ಲಿ. ಮರುವರ್ಷ ಅವರಿಬ್ಬರೂ ಬರೆದ ಲೇಖನದಲ್ಲಿ ಇಂಥ ನಿಲುಗಡೆಗಳಿಗೆ ಚೆಕ್‌ಪಾಯಿಂಟ್ ಎಂಬ ಹೆಸರು ನೆಲೆಯೂರಿತು. ಕೋಶಚಕ್ರದ ಅಧ್ಯಯನಕ್ಕಾಗಿ ಹಾರ್ಟ್‌ವೆಲ್, ಪಾಲ್ ನರ್ಸ್ ಮತ್ತು ಟಿಮ್ ಹಂಟ್ 2001ರ ನೊಬೆಲ್ ಪಡೆದರು. ರ್‍ಯಾಡ್9 ಕಲಿಸಿದ ಪಾಠ ಇಷ್ಟು: ಕೋಶವನ್ನು ಎರಡಾಗಿಸುವ ಯಂತ್ರ ಬೇರೆ, ಡಿಎನ್‌ಎ ರಿಪೇರಿ ಮಾಡುವವರು ಬೇರೆ, ರಿಪೇರಿ ಮುಗಿಯುವ ತನಕ ಯಂತ್ರವನ್ನು ಹಿಡಿದು ನಿಲ್ಲಿಸುವವರು ಮತ್ತೂ ಬೇರೆ. ಈ ಮೂರನೆಯವರ ಬಗ್ಗೆ ನಾವು ಕೇಳುವುದು ಕಡಿಮೆ.

ನಿಲ್ಲುವುದು ಇಷ್ಟು ಮುಖ್ಯ ಏಕೆ? ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ 46 ವರ್ಣತಂತುಗಳಾಗಿ ಮಡಿಸಿಕೊಂಡಿದೆ. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು ಸೇರಿದರೆ 600 ಕೋಟಿಗೂ ಹೆಚ್ಚು ಅಕ್ಷರ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಮನುಷ್ಯನ ಕೋಶ ಹೆಚ್ಚುಕಡಿಮೆ 24 ಗಂಟೆಗೊಮ್ಮೆ ಎರಡಾಗುತ್ತದೆ. ಮೊದಲು ಸಿದ್ಧತೆ, ಆಮೇಲೆ 6ರಿಂದ 8 ಗಂಟೆ ಇಡೀ ಡಿಎನ್‌ಎಯ ನಕಲು, ಮತ್ತೊಂದಿಷ್ಟು ಸಿದ್ಧತೆ, ಕೊನೆಗೆ ಒಂದು ಗಂಟೆಯಷ್ಟು ಹೊತ್ತಿನಲ್ಲಿ ಎರಡು ಪಾಲು. ಈ ನಡುವೆ ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ವಿಕಿರಣವೇ ಬೇಕೆಂದಿಲ್ಲ. ಕೋಶದೊಳಗಿನ ನೀರು, ನಾವು ಉಸಿರಾಡುವ ಆಮ್ಲಜನಕ, ಬಿಸಿಲು ಇವೇ ಸಾಕು. ಒಂದು ಕೋಶಕ್ಕೆ ದಿನಕ್ಕೆ ಹತ್ತಾರು ಸಾವಿರ ಪೆಟ್ಟು. ಹೆಚ್ಚಿನವು ಜೋಡಿ ಎಳೆಯಲ್ಲಿ ಒಂದಕ್ಕೆ ಮಾತ್ರ ಆಗುವಂಥವು. ಇನ್ನೊಂದು ಎಳೆ ನೋಡಿಕೊಂಡು ಕೋಶ ಅವನ್ನು ಸಲೀಸಾಗಿ ಸರಿಮಾಡುತ್ತದೆ.

ಎರಡೂ ಎಳೆ ಒಂದೇ ಜಾಗದಲ್ಲಿ ಕಡಿದರೆ ಸಂಗತಿ ಬೇರೆ. ನೋಡಿಕೊಂಡು ಬರೆಯಲು ಎದುರಿನ ಎಳೆಯೇ ಇಲ್ಲ. ನಕಲು ಮುಗಿದ ಮೇಲೆ ಹೀಗಾದರೆ ತಪ್ಪಿಲ್ಲದೆ ಸರಿಮಾಡುವ ಒಂದು ದಾರಿ ಉಂಟು: ಪಕ್ಕದಲ್ಲೇ ಅಂಟಿಕೊಂಡಿರುವ ಹೊಸ ನಕಲನ್ನು ನೋಡಿ ಅಕ್ಷರಕ್ಕೆ ಅಕ್ಷರ ತುಂಬಿಕೊಳ್ಳಬಹುದು. ಆದರೆ ವಿಭಜನೆ ಶುರುವಾಯಿತೆಂದರೆ ಅಕ್ಕತಂಗಿಯರಂತಿರುವ ಆ ಎರಡು ಪ್ರತಿಗಳು ಎರಡು ದಿಕ್ಕಿಗೆ ಹೋಗುತ್ತವೆ, ಮತ್ತೆಂದೂ ಸೇರುವುದಿಲ್ಲ. ವರ್ಣತಂತುವನ್ನು ಸೂಕ್ಷ್ಮನಾಳಗಳು ಹಿಡಿದು ಎಳೆಯುವುದು ಒಂದೇ ಹಿಡಿಕೆಯ ಜಾಗದಿಂದ. ತುಂಡಾದ ಭಾಗಕ್ಕೆ ಆ ಹಿಡಿಕೆ ಇಲ್ಲವಾದ್ದರಿಂದ ಅದು ಹಿಂದೆ ಬಿದ್ದು ಕಳೆದುಹೋಗುತ್ತದೆ. ಅದರಲ್ಲಿದ್ದ ನೂರಾರು ಜೀನ್‌ಗಳೂ ಅದರೊಂದಿಗೇ ಹೋಗುತ್ತವೆ. ಹಾಗಾಗಿ ರಿಪೇರಿ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದರಷ್ಟೇ ಅದು ಯಾವಾಗ ಮುಗಿಯುತ್ತದೆ ಎಂಬುದೂ ಮುಖ್ಯ.

ಕತ್ತಲಲ್ಲಿ, 2 ಮೀಟರ್ ಎಳೆಯಲ್ಲಿ ಎಲ್ಲೋ ಒಂದು ಕಡೆ ಕಡಿದದ್ದು ಕೋಶಕ್ಕೆ ಗೊತ್ತಾಗುವುದು ಹೇಗೆ? ಇದರ ಮೊದಲ ಸುಳಿವು ಸಿಕ್ಕಿದ್ದು ಮಕ್ಕಳ ಕಾಯಿಲೆಯೊಂದರಿಂದ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಆನುವಂಶಿಕ ರೋಗವಿರುವ ಮಗು ನಡೆಯಲು ಕಲಿತ ಮೇಲೆ ತೂರಾಡತೊಡಗುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಎಳೆವಯಸ್ಸಿನಲ್ಲೇ ರಕ್ತದ ಕ್ಯಾನ್ಸರ್ ಬರುವ ಅಪಾಯ ಬಹಳ. ಕ್ಯಾನ್ಸರಿಗೆಂದು ಎಲ್ಲರಿಗೂ ಕೊಡುವ ಪ್ರಮಾಣದಲ್ಲೇ ವಿಕಿರಣ ಕೊಟ್ಟಾಗ ಈ ಮಕ್ಕಳ ಮೈ ಅದನ್ನು ತಡೆದುಕೊಳ್ಳಲಿಲ್ಲ. 1980ರಲ್ಲಿ ರಾಬರ್ಟ್ ಪೇಂಟರ್ ಮತ್ತು ಬಾರ್ಬರಾ ಯಂಗ್ ಈ ಮಕ್ಕಳ ಕೋಶಗಳನ್ನು ನೋಡಿದರು. ವಿಕಿರಣ ಬಿದ್ದಾಗ ಸಾಮಾನ್ಯ ಕೋಶ ಡಿಎನ್‌ಎ ನಕಲು ಮಾಡುವುದನ್ನು ತಗ್ಗಿಸುತ್ತದೆ; ಇವು ತಗ್ಗಿಸದೆ ನಕಲು ಮಾಡುತ್ತಲೇ ಇದ್ದವು. ಎಂಟು ವರ್ಷಗಳ ನಂತರ ಯೀಸ್ಟಿನಲ್ಲಿ ಕಂಡದ್ದರ ಮುನ್ಸೂಚನೆ ಅದರಲ್ಲೇ ಇತ್ತು.

ಈ ರೋಗದಲ್ಲಿ ಕೆಟ್ಟಿರುವ ಜೀನನ್ನು 1995ರಲ್ಲಿ ಟೆಲ್ ಅವೀವ್‌ನ ಯೋಸೆಫ್ ಶಿಲೋ ತಂಡ ಹಿಡಿಯಿತು. ಅದಕ್ಕಿಟ್ಟ ಹೆಸರು ಎಟಿಎಂ. ಅದರಲ್ಲಿ ಎ ಮತ್ತು ಟಿ ರೋಗದ ಹೆಸರಿನ ಮೊದಲಕ್ಷರಗಳಿಂದ ಬಂದವು. ಆ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನು ದೊಡ್ಡದು, ಸಾಮಾನ್ಯ ದಿನಗಳಲ್ಲಿ ಇಬ್ಬಿಬ್ಬರು ಕೈಹಿಡಿದುಕೊಂಡು ಸುಮ್ಮನಿರುತ್ತದೆ. ಡಿಎನ್‌ಎ ತುದಿ ಬಿಚ್ಚಿಕೊಂಡಿರುವುದನ್ನು ಮೂರು ಪ್ರೋಟೀನುಗಳ ಒಂದು ಗುಂಪು ಮೊದಲು ಹಿಡಿಯುತ್ತದೆ, ಎಟಿಎಂ ಅನ್ನು ಅಲ್ಲಿಗೆ ಕರೆಯುತ್ತದೆ. ಜೋಡಿ ಬಿಟ್ಟುಹೋಗಿ ಎಟಿಎಂ ಎಚ್ಚರಗೊಳ್ಳುತ್ತದೆ. ಅದರ ಕೆಲಸ ಒಂದೇ, ಸಿಕ್ಕ ಪ್ರೋಟೀನುಗಳಿಗೆ ಫಾಸ್ಫೇಟ್ ಎಂಬ ಪುಟ್ಟ ಗುರುತು ಅಂಟಿಸುವುದು. ಡಿಎನ್‌ಎ ಸುತ್ತಿಕೊಂಡಿರುವ ಸುರುಳಿ ಪ್ರೋಟೀನುಗಳಲ್ಲಿ ಎಚ್2ಎಎಕ್ಸ್ ಎಂಬುದಕ್ಕೆ ಮೊದಲು ಅಂಟಿಸುತ್ತದೆ, ಕಡಿದ ಜಾಗದ ಎರಡೂ ಬದಿಗೆ ಲಕ್ಷಾಂತರ ಅಕ್ಷರಗಳ ದೂರದವರೆಗೆ. ಒಂದು ಸೂಜಿಮೊನೆಗಿಂತ ಎಷ್ಟೋ ಪಾಲು ಸಣ್ಣ ಕಡಿತ ಹೀಗೆ ಇಡೀ ಕೇರಿಗೆ ಕಾಣುವ ದೀಪವಾಗುತ್ತದೆ. ಈ ಗುರುತಿಗೆ ಹೊಳೆಯುವ ಬಣ್ಣ ಹಚ್ಚಿ ನೋಡಿದರೆ ಕೋಶಕೇಂದ್ರದಲ್ಲಿ ಚುಕ್ಕೆಗಳನ್ನು ಎಣಿಸಬಹುದು, ಒಂದು ಚುಕ್ಕೆಗೆ ಸರಿಸುಮಾರು ಒಂದು ಕಡಿತ. ರಿಪೇರಿಯಾದಂತೆ ಚುಕ್ಕೆಗಳು ಒಂದೊಂದಾಗಿ ಆರುತ್ತವೆ. ಎಟಿಎಂನ ಒಡಹುಟ್ಟು ಎಟಿಆರ್. ನಕಲು ಮಾಡುವಾಗ ಸಿಕ್ಕಿಕೊಂಡು ಒಂಟಿ ಎಳೆ ಬತ್ತಲಾಗಿ ನಿಂತಲ್ಲಿ ಅದರ ಕಾವಲು.

ಇನ್ನು ನಿಲ್ಲಿಸುವ ಕೆಲಸ. ಎಟಿಎಂ ಮತ್ತು ಎಟಿಆರ್ ಸುದ್ದಿಯನ್ನು ಚೆಕ್2, ಚೆಕ್1 ಎಂಬ ಓಟಗಾರರ ಕೈಗೆ ಕೊಡುತ್ತವೆ. ಕೋಶವನ್ನು ವಿಭಜನೆಗೆ ನೂಕುವ ಎಂಜಿನ್ ಸಿಡಿಕೆ ಎಂಬ ಕಿಣ್ವ. ಅದಕ್ಕೆ ವೀ1 ಎಂಬ ಪ್ರೋಟೀನು ತಡೆ ಹಾಕುತ್ತದೆ, ಸಿಡಿಸಿ25 ಎಂಬುದು ತಡೆ ತೆಗೆಯುತ್ತದೆ. ಓಟಗಾರರು ಹೋಗಿ ತಡೆ ತೆಗೆಯುವವನ ಕೈ ಕಟ್ಟುತ್ತಾರೆ, ಎಂಜಿನ್ ನಿಲ್ಲುತ್ತದೆ. ಎಲ್ಲ ನಿಮಿಷಗಳಲ್ಲಿ ಮುಗಿಯುವ ಮಾತು, ಏಕೆಂದರೆ ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲ. ವೀ ಎಂದರೆ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಪುಟ್ಟದು. ಎಡಿನ್‌ಬರೋದಲ್ಲಿ ಪಾಲ್ ನರ್ಸ್ 1970ರ ದಶಕದಲ್ಲಿ ಈ ತಡೆಯಿಲ್ಲದ ಯೀಸ್ಟನ್ನು ಕಂಡಾಗ ಅದು ಬೆಳೆಯುವ ಮೊದಲೇ ಒಡೆದು ಗಿಡ್ಡಗೆ ಉಳಿದಿತ್ತು, ಅದಕ್ಕೇ ಆ ಹೆಸರು.

ನಿಮಿಷಗಳ ನಿಲುಗಡೆ ಗಂಟೆಗಳವರೆಗೆ, ದಿನಗಳವರೆಗೆ ಉಳಿಯಬೇಕಾದರೆ ಬರುವುದು ಪಿ53. ಈ ಪ್ರೋಟೀನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1979ರಲ್ಲಿ ಹಲವು ಪ್ರಯೋಗಾಲಯಗಳಿಗೆ ಒಟ್ಟಿಗೇ ಸಿಕ್ಕ ಇದನ್ನು ಹತ್ತು ವರ್ಷ ಕ್ಯಾನ್ಸರ್ ತರುವ ಪ್ರೋಟೀನು ಎಂದೇ ತಿಳಿದಿದ್ದರು. ಪ್ರಯೋಗಾಲಯಗಳಲ್ಲಿ ಓಡಾಡುತ್ತಿದ್ದ ಜೀನಿನ ಪ್ರತಿಗಳು ಕ್ಯಾನ್ಸರ್ ಕೋಶಗಳಿಂದ ತೆಗೆದವಾಗಿದ್ದವು, ಅವುಗಳಲ್ಲಿ ಜೀನ್ ಆಗಲೇ ಕೆಟ್ಟಿತ್ತು. 1989ರಲ್ಲಿ ತಪ್ಪು ತಿಳಿಯಿತು: ಸರಿಯಾದ ಪಿ53 ಕ್ಯಾನ್ಸರನ್ನು ತಡೆಯುತ್ತದೆ. ಅದನ್ನು ಮೊದಲು ಕಂಡವರಲ್ಲಿ ಒಬ್ಬರಾದ ಡೇವಿಡ್ ಲೇನ್ 1992ರಲ್ಲಿ ಅದನ್ನು ಜೀನೋಮಿನ ಕಾವಲುಗಾರ ಎಂದು ಕರೆದರು.

ಆರೋಗ್ಯವಾಗಿರುವ ಕೋಶದಲ್ಲಿ ಪಿ53ರ ಬಾಳು ವಿಚಿತ್ರ. ಕೋಶ ಅದನ್ನು ಬಿಡದೆ ತಯಾರಿಸುತ್ತದೆ, ಬಿಡದೆ ನಾಶ ಮಾಡುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಅದಕ್ಕೆ ಚೀಟಿ ಅಂಟಿಸಿ ಅರೆಯುವ ಯಂತ್ರಕ್ಕೆ ಕಳಿಸುತ್ತದೆ. ಅರ್ಧ ಗಂಟೆಯೊಳಗೆ ಇದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲವಾಗುತ್ತದೆ. ಇದು ದಂಡ ಎಂದು ಮೊದಲು ನನಗೆ ಅನಿಸಿತ್ತು. ಕೆರೆಯನ್ನು ನೆನೆದಾಗ ತಿಳಿಯಿತು. ಕೆರೆಗೆ ನೀರು ಬರುತ್ತಲೇ ಇದೆ, ತೂಬೂ ತೆರೆದೇ ಇದೆ. ನೀರು ಏರಬೇಕೆಂದಾಗ ಮೋಡವನ್ನು ಕಾಯಬೇಕಿಲ್ಲ, ತೂಬು ಮುಚ್ಚಿದರಾಯಿತು. ಎಟಿಎಂ ಮತ್ತು ಚೆಕ್2 ಮಾಡುವುದು ಅದನ್ನೇ. ಪಿ53ಗೆ ಫಾಸ್ಫೇಟಿನ ಗುರುತು ಬಿದ್ದೊಡನೆ ಎಂಡಿಎಂ2ರ ಹಿಡಿತ ತಪ್ಪುತ್ತದೆ, ಕೋಶದಲ್ಲಿ ಪಿ53 ತುಂಬಿಕೊಳ್ಳುತ್ತದೆ. ಅದು ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. 1993ರಲ್ಲಿ ಪತ್ತೆಯಾದ ಪಿ21 ಅವುಗಳಲ್ಲಿ ಮುಖ್ಯವಾದದ್ದು. ಅದು ನೇರವಾಗಿ ಸಿಡಿಕೆ ಎಂಜಿನ್ನನ್ನೇ ತಬ್ಬಿ ಹಿಡಿಯುತ್ತದೆ. ಸ್ತನದ ಕ್ಯಾನ್ಸರಿನ ಜೀನ್ ಎಂದು ಎಲ್ಲರೂ ಕೇಳಿರುವ ಬಿಆರ್‌ಸಿಎ1 ಕೂಡ ಕೋಶವನ್ನು ನಿಲ್ಲಿಸಲು ಇದೇ ಪಿ21 ಅನ್ನು ಬಳಸುತ್ತದೆ ಎಂದು 1997ರಲ್ಲಿ ತೋರಿಸಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಕುಮಾರವೇಲ್ ಸೋಮಸುಂದರಂ ಮೊದಲಿಗರು.

ಪಿ53 ಎಬ್ಬಿಸುವ ಜೀನ್‌ಗಳಲ್ಲಿ ಎಂಡಿಎಂ2 ಕೂಡ ಒಂದು. ತನ್ನನ್ನು ಅಳಿಸುವವನನ್ನು ತಾನೇ ಹುಟ್ಟಿಸುತ್ತದೆ. ಹಾಗಾಗಿ ಅದರ ಮಟ್ಟ ಏರಿ, ಇಳಿದು, ಮತ್ತೆ ಏರುತ್ತದೆ, 5-6 ಗಂಟೆಗೊಂದು ಅಲೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಗಾಲಿತ್ ಲಹಾವ್, ಉರಿ ಅಲೋನ್ ಮತ್ತು ಸಂಗಡಿಗರು ಒಂದೊಂದೇ ಕೋಶವನ್ನು ಹಿಡಿದು ಇದನ್ನು ಚಿತ್ರಿಸಿ 2004ರಲ್ಲಿ ಪ್ರಕಟಿಸಿದರು. ವಿಕಿರಣ ಹೆಚ್ಚಾದರೆ ಅಲೆಯ ಎತ್ತರ ಹೆಚ್ಚುವುದಿಲ್ಲ, ಅಲೆಗಳ ಸಂಖ್ಯೆ ಹೆಚ್ಚುತ್ತದೆ. ಕೋಶ ಮತ್ತೆ ಮತ್ತೆ ಕೇಳಿ ನೋಡಿದಂತೆ: ರಿಪೇರಿ ಆಯಿತೇ? ಇನ್ನೂ ಇಲ್ಲವೇ? 2012ರಲ್ಲಿ ಲಹಾವ್ ಅವರ ಹಾರ್ವರ್ಡ್ ತಂಡ ಔಷಧಿಯ ಸಹಾಯದಿಂದ ಅಲೆಗಳನ್ನು ಅಳಿಸಿ ಪಿ53 ಏರಿದ ಮಟ್ಟದಲ್ಲೇ ಉಳಿಯುವಂತೆ ಮಾಡಿತು. ಅಲೆಯಿದ್ದಾಗ ಚೇತರಿಸಿಕೊಳ್ಳುತ್ತಿದ್ದ ಕೋಶಗಳು ಈಗ ಇನ್ನೆಂದೂ ಎರಡಾಗದ ಮುಪ್ಪಿಗೆ ಜಾರಿದವು. ರಿಪೇರಿ ಕೈಮೀರಿದ ಕೋಶ ತಾನೇ ಸಾಯುವುದೂ ಉಂಟು, ಆ ಆಜ್ಞೆಯನ್ನೂ ಪಿ53 ಕೊಡುತ್ತದೆ.

ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ಎಲ್ಲಿ ಕೆಟ್ಟಿದೆ ಎಂಬುದನ್ನು ಓದಿದರೆ ಕೆಲವೊಮ್ಮೆ ಕೆಡಿಸಿದವರು ಯಾರೆಂದು ಗೊತ್ತಾಗುತ್ತದೆ. ಶೇಂಗಾ, ಮೆಕ್ಕೆಜೋಳ ಹಸಿ ಇದ್ದಾಗಲೇ ಕೂಡಿಟ್ಟರೆ ಹಿಡಿಯುವ ಬೂಸಲು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ನಮ್ಮ ಯಕೃತ್ತು ಅದನ್ನು ಹೊರಹಾಕಲು ಹೋಗಿ ಡಿಎನ್‌ಎಗೆ ಅಂಟಿಕೊಳ್ಳುವ ರೂಪಕ್ಕೆ ತಿರುಗಿಸುತ್ತದೆ. 1991ರಲ್ಲಿ ಚೀನಾದ ಚಿಡಾಂಗ್ ಮತ್ತು ದಕ್ಷಿಣ ಆಫ್ರಿಕಾ ಭಾಗದ ಯಕೃತ್ತಿನ ಕ್ಯಾನ್ಸರುಗಳನ್ನು ನೋಡಿದ ಎರಡು ತಂಡಗಳಿಗೆ ಒಂದೇ ಜಾಗ ಮತ್ತೆ ಮತ್ತೆ ಕಂಡಿತು: ಪಿ53ರ 249ನೇ ಸ್ಥಾನದಲ್ಲಿ ಒಂದು ಅಕ್ಷರ ಬದಲಾಗಿ ಆರ್ಜಿನೈನ್ ಇರಬೇಕಾದಲ್ಲಿ ಸೆರಿನ್ ಕೂತಿತ್ತು. ಸಾವಿರಾರು ಮೈಲಿ ದೂರದ ಎರಡು ಊರು, ಒಂದೇ ಬೂಸಲಿನ ಸಹಿ. ದೊಡ್ಡಮ್ಮ ಬೂಸಲು ಬಂದ ಬೀಜವನ್ನು ಆರಿಸಿ ಎಸೆಯುತ್ತಿದ್ದಳು, ದನಕ್ಕೂ ಹಾಕುತ್ತಿರಲಿಲ್ಲ, ಕೈಗೆ ಬಂದರೆ ನಮ್ಮ ಬಾಯಿಂದಲೂ ಕಸಿಯುತ್ತಿದ್ದಳು. ಇಂದು ಊರ ಅಂಗಡಿಯಲ್ಲಿ ಬೂಸಲು ಬೀಜ ಕಂಡಾಗ ನಾನೂ ಗಟ್ಟಿಯಾಗಿಯೇ ಹೇಳುತ್ತೇನೆ, ಇದನ್ನು ತಿನ್ನಬೇಡಿ, ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಜೀನನ್ನು ಮುಟ್ಟದೆ ಕಾವಲುಗಾರನನ್ನು ಮಾಯಮಾಡುವ ದಾರಿಯೂ ಇದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಪಿ53 ಜೀನ್ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನು, ತಯಾರಾದ ಪಿ53 ಅನ್ನೆಲ್ಲ ಅರೆಯುವ ಯಂತ್ರಕ್ಕೆ ತಳ್ಳುತ್ತದೆ; ಇದು ತಿಳಿದದ್ದು 1990ರಲ್ಲಿ. ನಮ್ಮ ಕೆರೆಯ ಮಾತಿನಲ್ಲಿ, ತೂಬು ಮುಚ್ಚಲು ಬಂದವರನ್ನು ಬಿಟ್ಟು ಕಟ್ಟೆಯನ್ನೇ ಒಡೆದ ಹಾಗೆ. 2000ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ, 1951ರಿಂದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇರುವ ಹೀಲಾ ಎಂಬ ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ವೈರಸ್ಸಿನ ಜೀನ್‌ಗಳ ಬಾಯಿ ಮುಚ್ಚಿಸಿ ನೋಡಿದರು. ಅಷ್ಟು ವರ್ಷ ಸದ್ದಿಲ್ಲದ ಪಿ53 ಎದ್ದಿತು, ಪಿ21 ಬಂತು, ಅರ್ಧ ಶತಮಾನ ನಿಲ್ಲದೆ ಒಡೆಯುತ್ತಿದ್ದ ಕೋಶಗಳು ನಿಂತವು. ಭಾರತದ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ ಕ್ಯಾನ್ಸರ್, ಮತ್ತು ಇದಕ್ಕೆ ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿರುವ ಮನೆಯವರಿಗೆ ನಾನು ಈ ಮಾತನ್ನು ಹೇಳದೆ ಬಿಡುವುದಿಲ್ಲ.

ದೊಡ್ಡಮ್ಮನಿಗೆ ಬಂದದ್ದೂ ಇದೇ ಗರ್ಭಕಂಠದ ಕ್ಯಾನ್ಸರ್. ವಾರಕ್ಕೆ 5 ದಿನದಂತೆ 5 ವಾರ, 25 ಸಲ ಕರೆಂಟ್ ಕೊಡಬೇಕೆಂದು ವೈದ್ಯರು ಹೇಳಿದ್ದರು. ನಮ್ಮ ಜನ ವಿಕಿರಣ ಚಿಕಿತ್ಸೆಗೆ ಹೇಳುವುದು ಹಾಗೆಯೇ, ಕರೆಂಟ್ ಕೊಡೋದು. ನಾಲ್ಕನೆಯದೋ ಐದನೆಯದೋ ದಿನ ಸರದಿಯಲ್ಲಿ ಕೂತಿದ್ದಾಗ ಕೇಳಿದಳು, "ಅಲ್ಲ ಕಣಪ್ಪ, ಒಂದೇ ದಿನಕ್ಕೆ ಎಲ್ಲಾ ಕೊಟ್ಟು ಕಳ್ಸಬಾರದಾ? ಹೊಲ್ದಾಗೆ ಶೇಂಗಾ ಕೀಳೋ ಹೊತ್ತು."

ಒಂದು ದಿನಕ್ಕೆ ಕೊಡುವ ವಿಕಿರಣದ ಪ್ರಮಾಣ, ಗ್ರೇ ಎಂಬ ಅಳತೆಯಲ್ಲಿ, ಸಾಮಾನ್ಯವಾಗಿ 2ರ ಆಸುಪಾಸು. ಅಷ್ಟಕ್ಕೆ ಒಂದು ಕೋಶದಲ್ಲಿ ಜೋಡಿ ಎಳೆ ಕಡಿಯುವುದು ಸುಮಾರು 70-80 ಕಡೆ. ಕಿರಣದ ದಾರಿಯಲ್ಲಿ ಗಡ್ಡೆಯೂ ಇದೆ, ಅದರ ಪಕ್ಕದ ಮೂತ್ರಕೋಶ, ಕರುಳು ಕೂಡ ಇವೆ. ಪಕ್ಕದ ಒಳ್ಳೆಯ ಕೋಶಗಳಲ್ಲಿ ಎಟಿಎಂ, ಚೆಕ್2, ಪಿ53 ಎಲ್ಲವೂ ತಮ್ಮ ಜಾಗದಲ್ಲಿವೆ. ಮರುದಿನದ ಸರದಿ ಬರುವಷ್ಟರಲ್ಲಿ ಕಡಿತಗಳಲ್ಲಿ ಹೆಚ್ಚಿನವು ಕೂಡಿರುತ್ತವೆ. ಪಿ53 ಇಲ್ಲದ ಗಡ್ಡೆಯ ಕೋಶಕ್ಕೆ ಹಾಗೆ ಸರಿಯಾಗಿ ನಿಲ್ಲಲು ಬರುವುದಿಲ್ಲ. ವಿಕಿರಣಕ್ಕೆ ಸಾಯುವ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಆ ಕ್ಷಣದಲ್ಲಿ ಸಾಯುವುದಿಲ್ಲ. ಮುರಿದ ವರ್ಣತಂತುಗಳನ್ನು ಹೊತ್ತು ಎರಡಾಗಲು ಹೋಗಿ, ಒಂದೋ ಎರಡೋ ಸಲ ಒಡೆದು, ಆಮೇಲೆ ಸಾಯುತ್ತವೆ. ಸಿಯಾಟಲ್‌ನ ಯೀಸ್ಟ್ ಸತ್ತ ಹಾಗೆಯೇ. ವಿಕಿರಣವನ್ನು ಹಲವು ದಿನಗಳಿಗೆ ಹಂಚಿ ಕೊಡಲು ಬೇರೆ ಕಾರಣಗಳೂ ಇವೆ, ಗಡ್ಡೆಯೊಳಗೆ ಆಮ್ಲಜನಕ ಸೇರಲು ಸಮಯ ಸಿಗುವುದು ಅವುಗಳಲ್ಲೊಂದು. ಪಿ53 ಇಲ್ಲದ ಕೋಶಗಳಿಗೆ ಕೊನೆಯ ಆಸರೆ ವೀ1 ಹಾಕುವ ತಡೆ. ಅದನ್ನೂ ಕಿತ್ತುಹಾಕುವ ಅಡಾವೊಸರ್ಟಿಬ್‌ನಂಥ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ಇಷ್ಟನ್ನೂ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಲಾಗಲಿಲ್ಲ. "ಒಳ್ಳೇ ಕೋಶಗಳೂ ಹರೀತವೆ ದೊಡ್ಡಮ್ಮ, ಅವು ರಾತ್ರಿ ಕೂಡ್ಕೋಬೇಕು. ಕೆಟ್ಟವಕ್ಕೆ ನಿಲ್ಲೋದು ಗೊತ್ತಿಲ್ಲ" ಎಂದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಳೆ ಹರಿದ್ರೆ ನಿಮ್ಮ ದೊಡ್ಡಪ್ಪ ಲಾಳಿ ಕೆಳಗಿಟ್ಟು ಗಂಟು ಹಾಕಿ ಆಮ್ಯಾಲೆ ನೇಯ್ತಾರಲ್ಲ, ಹಂಗಾ?" ಎಂದು ಕೇಳಿದಳು. ಹೌದು ಎಂದೆ. ಸೀರೆಯ ಸೆರಗಿನಿಂದ ಫೋನ್ ಬಿಚ್ಚಿ ತೆಗೆದು ಊರಿಗೆ ಮಾತಾಡಿದಳು: ಬರೋದು ಇನ್ನೂ ತಿಂಗಳಾಗುತ್ತೆ, ಶೇಂಗಾ ಕೀಳೋಕೆ ಆಳು ನೋಡ್ಕಳಿ, ಕಿತ್ತಿದ್ದನ್ನ ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬಿ.